ಕ್ಯೂಬರ್ನೆಟೀಸ್‌ನಲ್ಲಿ ಡೇಟಾಹಬ್: ಆ್ಯಪ್ ಒಂದೇ, ಸಂಸಾರ ದೊಡ್ಡದು

ತೋಟದವರಿಗೆ ಮಳೆ ಅಂದ್ರೆ ಇಂಚು ಮತ್ತು ಸೆಂಟ್ಸ್. ನೂರು ಸೆಂಟ್ಸ್‌ಗೆ ಒಂದು ಇಂಚು. ಚಿಕ್ಕಮಗಳೂರಿನಲ್ಲಿ ನಾನು ಡೇಟಾ ನೋಡಿಕೊಳ್ಳುವ ಆಫೀಸಿನ ಎರಡು ಟೇಬಲ್‌ಗಳಲ್ಲಿ ‘ಮಳೆ’ ಅನ್ನೋ ಕಾಲಂ ಇತ್ತು, ಒಂದರಲ್ಲಿ ಸೆಂಟ್ಸ್, ಇನ್ನೊಂದರಲ್ಲಿ ಮಿಲಿಮೀಟರ್, ಯಾವುದು ಯಾವುದು ಅಂತ ಎಲ್ಲೂ ಬರೆದಿರಲಿಲ್ಲ. 120 ಸೆಂಟ್ಸ್ ಅಂದ್ರೆ ಸುಮಾರು 30 ಮಿಲಿಮೀಟರ್, ಒಳ್ಳೆ ಹೂಮಳೆ. ಅದನ್ನೇ 120 ಮಿಲಿಮೀಟರ್ ಅಂತ ಓದಿದರೆ ಮಾರ್ಚ್‌ನಲ್ಲೇ ಜುಲೈ ಬಂದ ಹಾಗೆ! ಯಾವ ಟೇಬಲ್‌ನಲ್ಲಿ ಏನಿದೆ ಅಂತ ಬರೆದಿಡುವ ಡೇಟಾ ಕ್ಯಾಟಲಾಗ್ ಬೇಕಾಗೋದು ಇಂಥದಕ್ಕೇ.

ನಾನು ಹಾಕಿದ್ದು ಡೇಟಾಹಬ್ ಅನ್ನೋ ಕ್ಯಾಟಲಾಗ್. ಲಿಂಕ್ಡ್‌ಇನ್‌ನವರು ಮಾಡಿ 2020ರಲ್ಲಿ ಓಪನ್ ಸೋರ್ಸ್ ಮಾಡಿದ್ದು. ಅದನ್ನು ಓಡಿಸಿದ್ದು ಕ್ಯೂಬರ್ನೆಟೀಸ್ ಮೇಲೆ, ಅಂದ್ರೆ ಹಲವು ಮೆಷಿನ್‌ಗಳನ್ನು ಒಂದು ಗುಂಪಾಗಿ (ಕ್ಲಸ್ಟರ್) ಸೇರಿಸಿ ಆ್ಯಪ್‌ಗಳನ್ನು ಓಡಿಸುವ ವ್ಯವಸ್ಥೆ. ಕೆಳಗಿನ ಕಮಾಂಡ್‌ಗಳನ್ನು ಓದುವ ಹಾಗೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಹಾಕಿ.

ಮೊದಲು ಮೆಮೊರಿ ನೋಡಿ. ಕ್ಲಸ್ಟರ್‌ನಲ್ಲಿ ಕನಿಷ್ಠ 7 ಜಿಬಿ ಇರಲಿ ಅಂತ ಡೇಟಾಹಬ್‌ನ ಗೈಡ್ ಹೇಳುತ್ತದೆ. ನನ್ನ ಕೇಳಿದರೆ 16 ಇಲ್ಲದೆ ಕೈ ಹಾಕಬೇಡಿ. ಯಾಕಂದ್ರೆ ಡೇಟಾಹಬ್ ಒಂದೇ ಬರಲ್ಲ, ಜೊತೆಗೆ ಮೈಎಸ್‌ಕ್ಯೂಎಲ್ (ಡೇಟಾಬೇಸ್), ಎಲಾಸ್ಟಿಕ್‌ಸರ್ಚ್ (ಹುಡುಕೋಕೆ), ಕಾಫ್ಕಾ (ಒಳಗಿನ ಸಂದೇಶ ಸಾಗಿಸೋಕೆ) ಎಲ್ಲವೂ ಬರುತ್ತವೆ. ಪಾಡ್ (ಕ್ಯೂಬರ್ನೆಟೀಸ್‌ನಲ್ಲಿ ಆ್ಯಪ್ ಓಡುವ ಪೆಟ್ಟಿಗೆ) ಸತ್ತು ಸತ್ತು ಏಳುತ್ತಿದ್ದು, ಎಕ್ಸಿಟ್ ಕೋಡ್ 137 ಕಂಡರೆ ಸುಮ್ನೆ ಲಾಗ್ ಓದುತ್ತಾ ಕೂರಬೇಡಿ, ಹೆಚ್ಚಿನ ಸಲ ಮೆಮೊರಿ ಸಾಲದ್ದೇ ಕಾರಣ. ಯಾವ ಡೇಟಾಗೆ ಯಾವುದರ ಸಂಬಂಧ ಅನ್ನೋ ಗ್ರಾಫ್‌ಗೆ ನಿಯೋಫೋರ್‌ಜೆ ಅನ್ನೋ ಇನ್ನೊಂದು ಡೇಟಾಬೇಸ್ ಬೇಕಿಲ್ಲ, ಎಲಾಸ್ಟಿಕ್‌ಸರ್ಚೇ ಆ ಕೆಲಸಾನೂ ಮಾಡುತ್ತದೆ. ಅಷ್ಟು ಉಳಿತಾಯ.

ಇನ್ನು ಪಾಸ್‌ವರ್ಡ್. ‘ಮೈಎಸ್‌ಕ್ಯೂಎಲ್-ಸೀಕ್ರೆಟ್ಸ್’ ಅನ್ನೋ ಹೆಸರಲ್ಲಿ ಒಂದು ಸೀಕ್ರೆಟ್ ಮಾಡಿ, ಒಳಗಿನ ಕೀ ‘ಮೈಎಸ್‌ಕ್ಯೂಎಲ್-ರೂಟ್-ಪಾಸ್‌ವರ್ಡ್’. ಇದನ್ನು ಮರೆತರೆ ಪಾಡ್‌ಗಳು ‘ಕ್ರಿಯೇಟ್ ಕಂಟೇನರ್ ಕಾನ್ಫಿಗ್ ಎರರ್’ ಅಂತ ನಿಂತುಬಿಡುತ್ತವೆ.

ಆಮೇಲೆ ಹೆಲ್ಮ್, ಅಂದ್ರೆ ಕ್ಯೂಬರ್ನೆಟೀಸ್‌ಗೆ ಆ್ಯಪ್ ಹಾಕಿಕೊಡುವ ಟೂಲ್. ಅದರ ಪ್ಯಾಕೇಜಿಗೆ ಚಾರ್ಟ್ ಅಂತಾರೆ, ಚಾರ್ಟ್ ಹಾಕಿದಾಗ ಆಗೋದು ರಿಲೀಸ್. ಡೇಟಾಹಬ್‌ನ ರೆಪೊ ಸೇರಿಸಿಕೊಂಡು ಮೊದಲು ‘ಡೇಟಾಹಬ್-ಪ್ರಿರಿಕ್ವಿಸಿಟ್ಸ್’ ಚಾರ್ಟ್ ಹಾಕಿ. ಆ ರಿಲೀಸ್‌ಗೆ ‘ಪ್ರಿರಿಕ್ವಿಸಿಟ್ಸ್’ ಅಂತಲೇ ಹೆಸರಿಡಿ. ನಾನು ಜಾಣತನ ಮಾಡಿ ನಮ್ಮ ಆಫೀಸಿನ ಹೆಸರಿಟ್ಟೆ, ಅರ್ಧ ದಿನ ಹಾಳಾಯಿತು. ಎರಡನೇ ಚಾರ್ಟ್ ಹುಡುಕೋದು ‘ಪ್ರಿರಿಕ್ವಿಸಿಟ್ಸ್-ಮೈಎಸ್‌ಕ್ಯೂಎಲ್’, ‘ಪ್ರಿರಿಕ್ವಿಸಿಟ್ಸ್-ಕಾಫ್ಕಾ’ ಅನ್ನೋ ಸರ್ವಿಸ್‌ಗಳನ್ನು, ಬೇರೆ ಹೆಸರಿಟ್ಟರೆ ವ್ಯಾಲ್ಯೂಸ್ ಫೈಲ್‌ನಲ್ಲಿ ಅದನ್ನೆಲ್ಲ ನೀವೇ ತಿದ್ದಬೇಕು. ‘ಕ್ಯೂಬ್‌ಸಿಟಿಎಲ್ ಗೆಟ್ ಪಾಡ್ಸ್’ ಹೊಡೆದು ಎಲ್ಲವೂ ರನ್ನಿಂಗ್ ಆಗಿವೆ ಅಂತ ನೋಡಿಕೊಂಡ ಮೇಲೆ ಎರಡನೇ ಚಾರ್ಟ್ ‘ಡೇಟಾಹಬ್’ ಹಾಕಿ. ವರ್ಷನ್ ನಂಬರ್ ಕೊಟ್ಟೇ ಹಾಕಿ.

ಇಲ್ಲೊಂದು ಕಾಟ ಇದೆ. ಟೇಬಲ್, ಇಂಡೆಕ್ಸ್, ಟಾಪಿಕ್‌ಗಳನ್ನು ರೆಡಿ ಮಾಡುವ ಜಾಬ್‌ಗಳು ಮುಗಿಯುವ ತನಕ ಹೆಲ್ಮ್ ಕಾಯುತ್ತದೆ, ಆದರೆ ತಾನಾಗಿ ಕಾಯೋದು 5 ನಿಮಿಷ ಮಾತ್ರ. ಇಮೇಜ್‌ಗಳು ದೊಡ್ಡವು. ಮಳೆಗಾಲದ ನಮ್ಮ ನೆಟ್‌ನಲ್ಲಿ 5 ನಿಮಿಷಕ್ಕೆ ಅರ್ಧವೂ ಇಳಿಯಲ್ಲ. ಟೈಮ್‌ಔಟ್ 20 ನಿಮಿಷ ಅಂತ ಕೊಟ್ಟು ಕಾಫಿ ಕುಡಿದು ಬನ್ನಿ.

ಡಿಸ್ಕ್ ವಿಷಯಕ್ಕೆ ಬರೋಣ. ನಮ್ಮದು ಮೂರು ಹಳೇ ಮೆಷಿನ್, ಅವುಗಳ ಮೇಲೆ ಕೆ3ಎಸ್ ಅನ್ನೋ ಹಗುರ ಕ್ಯೂಬರ್ನೆಟೀಸ್. ಅದರಲ್ಲಿ ತಾನಾಗಿ ಸಿಗೋ ಲೋಕಲ್-ಪಾತ್ ಸ್ಟೋರೇಜ್ ಒಂದೇ ಮೆಷಿನ್ನಿನ ಡಿಸ್ಕಿಗೆ ಕಟ್ಟುಬೀಳುತ್ತದೆ. ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗು ಬಂದು ಕರೆಂಟ್ ಹೋಯಿತು, ವಾಪಸ್ ಬಂದಾಗ ಒಂದು ಮೆಷಿನ್ ಏಳಲಿಲ್ಲ, ಮೈಎಸ್‌ಕ್ಯೂಎಲ್ ಇದ್ದಿದ್ದು ಸರಿಯಾಗಿ ಅದರಲ್ಲೇ. ಪಾಡ್ ಪೆಂಡಿಂಗ್. ಡಿಸ್ಕ್ರೈಬ್ ಮಾಡಿದರೆ ‘ವಾಲ್ಯೂಮ್ ನೋಡ್ ಅಫಿನಿಟಿ ಕಾನ್‌ಫ್ಲಿಕ್ಟ್’. ಪಕ್ಕದ ಎರಡು ಮೆಷಿನ್ ಖಾಲಿ ಕೂತಿದ್ದರೂ ಪ್ರಯೋಜನ ಇಲ್ಲ, ಡಿಸ್ಕ್ ಅಲ್ಲಿಲ್ವಲ್ಲ. ಮೈಎಸ್‌ಕ್ಯೂಎಲ್ ಅನ್ನು ಕ್ಲಸ್ಟರ್‌ನ ಹೊರಗೇ ಇಡೋದು ಒಳ್ಳೇದು. ಆಗಲ್ಲ ಅಂದ್ರೆ ದಿನಾ ಬ್ಯಾಕಪ್ ತೆಗೀರಿ. ಕ್ಯಾಟಲಾಗ್‌ನ ಅಸಲಿ ಮಾಹಿತಿ ಇರೋದು ಅಲ್ಲೇ. ಎಲಾಸ್ಟಿಕ್‌ಸರ್ಚ್ ಇಂಡೆಕ್ಸ್ ಹಾಳಾದರೆ ಚಾರ್ಟ್ ಜೊತೆ ಬರುವ ‘ರಿಸ್ಟೋರ್ ಇಂಡಿಸಸ್’ ಜಾಬ್ ಓಡಿಸಿ ಮೈಎಸ್‌ಕ್ಯೂಎಲ್‌ನಿಂದ ಮತ್ತೆ ಕಟ್ಟಬಹುದು.

ಎಲಾಸ್ಟಿಕ್‌ಸರ್ಚ್ ಒಂದೇ ನೋಡ್ ಇದ್ದರೆ ಹೆಲ್ತ್ ಹಳದಿ ತೋರಿಸಬಹುದು. ರೆಪ್ಲಿಕಾ, ಅಂದ್ರೆ ನಕಲು, ಇಡೋಕೆ ಇನ್ನೊಂದು ನೋಡ್ ಇಲ್ಲ, ಅಷ್ಟೇ. ಕೆಂಪಾದರೆ ಮಾತ್ರ ಗಾಬರಿ ಆಗಿ.

ಫ್ರಂಟೆಂಡ್‌ಗೆ 9002 ಪೋರ್ಟ್ ಫಾರ್ವರ್ಡ್ ಮಾಡಿ ಬ್ರೌಸರ್ ತೆರೀರಿ. ಹೆಸರು, ಪಾಸ್‌ವರ್ಡ್ ಎರಡೂ ‘ಡೇಟಾಹಬ್’. ಇಡೀ ಲೋಕಕ್ಕೆ ಗೊತ್ತಿರೋ ಪಾಸ್‌ವರ್ಡ್ ಇದು, ಇನ್‌ಗ್ರೆಸ್ (ಹೊರಗಿನಿಂದ ಒಳಬರುವ ದಾರಿ) ಕೊಡೋ ಮೊದಲು ಬದಲಾಯಿಸಿ.

ಡೇಟಾ ತುಂಬೋದು ಸುಲಭ. ಯಾಮಲ್‌ನಲ್ಲಿ ಒಂದು ರೆಸಿಪಿ ಬರೀರಿ, ಸೋರ್ಸ್‌ನಲ್ಲಿ ನಿಮ್ಮ ಡೇಟಾಬೇಸ್, ಸಿಂಕ್‌ನಲ್ಲಿ ಜಿಎಂಎಸ್‌ನ (ಡೇಟಾಹಬ್‌ನ ಬ್ಯಾಕೆಂಡ್) 8080 ಪೋರ್ಟ್. ಓದೋಕೆ ಮಾತ್ರ ಅನುಮತಿ ಇರುವ ಯೂಸರ್ ಕೊಟ್ಟರೆ ಸಾಕು. ಟೇಬಲ್‌ಗಳು ಬಂದ ಮೇಲೆ ಕಾಲಂ ಕಾಲಂಗೂ ವಿವರಣೆ ಬರೆಯೋದು ನಿಮ್ಮ ಕೆಲಸ, ಅದನ್ನು ಯಾವ ಚಾರ್ಟೂ ಮಾಡಿಕೊಡಲ್ಲ. ನಾನು ಮೊದಲು ಬರೆದಿದ್ದು ಇದು: “ಮಳೆ, ಸೆಂಟ್ಸ್‌ನಲ್ಲಿ. ಮಿಲಿಮೀಟರ್ ಬೇಕಾದರೆ 0.254ರಿಂದ ಗುಣಿಸಿ.” ಸ್ಕ್ರೀನಿನಲ್ಲಿ ಬರೆದ ವಿವರಣೆಯನ್ನು ಡೇಟಾಹಬ್ ಬೇರೆಯಾಗಿ ಇಟ್ಟುಕೊಳ್ಳುತ್ತದೆ, ಹಾಗಾಗಿ ರಾತ್ರಿ ರೆಸಿಪಿ ಮತ್ತೆ ಓಡಿದರೂ ಅದು ಅಳಿಸಿ ಹೋಗಲ್ಲ.