ಅಪೀಲಿನ ಗಡುವು ದಾಟಿದೆಯೇ? ಹೀಗೆ ಮಾಡಿ

ಕುಷ್ಟಗಿ, ಯಲಬುರ್ಗಾ ಕಡೆ ಇದು ಹೊಸ ಕತೆಯಲ್ಲ. ಅಣ್ಣತಮ್ಮಂದಿರ ನಡುವೆ ಹೊಲದ ಪಾಲಿನ ಕೇಸು ನಡೆಯುತ್ತಿರುತ್ತದೆ. ತಮ್ಮ ಬೆಂಗಳೂರಿಗೆ ಗುಳೆ ಹೋಗಿರುತ್ತಾನೆ. ಇತ್ತ ತೀರ್ಪು ಬಂದು, ಅಪೀಲಿನ ಗಡುವೂ ಮುಗಿದಿರುತ್ತದೆ. ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. 1963ರ ಕಾಲಮಿತಿ ಕಾಯ್ದೆಯ ಸೆಕ್ಷನ್ 5ರಡಿ ವಿಳಂಬ ಮನ್ನಾ ಮಾಡಿ ಎಂದು ಕೇಳಬಹುದು.

ಮೊದಲು ದಿನ ಎಣಿಸಿ

ಸಿವಿಲ್ ಡಿಕ್ರಿಯ (ತೀರ್ಪಿನಂತೆ ಹೊರಡುವ ಕೋರ್ಟಿನ ಆದೇಶ) ಮೇಲೆ ಅಪೀಲು ಹೋಗಲು ಜಿಲ್ಲೆಯ ಕೋರ್ಟುಗಳಲ್ಲಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ತೀರ್ಪಿನ ದಿನ ಲೆಕ್ಕಕ್ಕಿಲ್ಲ. ಸರ್ಟಿಫೈಡ್ ಕಾಪಿ (ಕೋರ್ಟು ಸೀಲು ಹಾಕಿ ಕೊಡುವ ತೀರ್ಪಿನ ನಕಲು) ಸಿದ್ಧವಾಗಲು ಹಿಡಿದ ದಿನಗಳನ್ನೂ ಬಿಡುತ್ತಾರೆ. ಅರ್ಜಿ ಕೊಟ್ಟ ತಾರೀಖು, ಕಾಪಿ ಸಿದ್ಧವಾದ ತಾರೀಖು ಎರಡೂ ಕಾಪಿಯ ಮೇಲೇ ಇರುತ್ತವೆ. ಸೀಲಿನ ಪಕ್ಕ ಮಸುಕಾಗಿದ್ದರೂ ಕಣ್ಣಿಟ್ಟು ಓದಿ.

2025ರ ಜನವರಿ 10ಕ್ಕೆ ತೀರ್ಪು ಬಂತು ಎನ್ನಿ. 30 ದಿನ ಫೆಬ್ರುವರಿ 9ಕ್ಕೆ ಮುಗಿಯುತ್ತದೆ. ಕಾಪಿಗೆ ಅರ್ಜಿ ಹಾಕಿದ್ದು ಜನವರಿ 20, ಸಿದ್ಧವಾಗಿದ್ದು ಫೆಬ್ರುವರಿ 5. ಎರಡೂ ತಾರೀಖು ಹಿಡಿದು ಈ 17 ದಿನ ಸೇರಿಸಿದರೆ ಗಡುವು ಫೆಬ್ರುವರಿ 26ಕ್ಕೆ ಹೋಗುತ್ತದೆ. ಅಂದು ಶಿವರಾತ್ರಿ, ಕೋರ್ಟಿಗೆ ರಜೆ. ಹಾಗಾಗಿ 27ಕ್ಕೆ ಹಾಕಿದರೂ ತಡವಲ್ಲ! ಆದರೆ ಸಿದ್ಧವಾದ ಕಾಪಿಯನ್ನು ಸುಮ್ನೆ ಬಿಟ್ಟಿದ್ದರೆ ಆ ದಿನಗಳು ನಿಮ್ಮ ತಲೆಗೇ. ಗಡುವು ಮುಗಿದ ಮೇಲೆ ಕಾಪಿಗೆ ಅರ್ಜಿ ಹಾಕಿದರೂ ಈ ರಿಯಾಯಿತಿ ಇಲ್ಲ.

ಅಫಿಡವಿಟ್‌ನಲ್ಲಿದೆ ಜೀವ

ಅಫಿಡವಿಟ್ ಎಂದರೆ ವಿಳಂಬ ಮನ್ನಾ ಅರ್ಜಿಯ ಜೊತೆ ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ. ಸೋಲುವುದು ಜಾಸ್ತಿ ಇಲ್ಲೇ. 'ತಿಳಿಯದೆ ತಡವಾಯಿತು, ಮನ್ನಿಸಬೇಕು' ಎಂಬ ಒಂದೇ ಸಾಲಿಗೆ ಯಾವ ಕೋರ್ಟೂ ಕರಗುವುದಿಲ್ಲ. ತೀರ್ಪಿನ ದಿನದಿಂದ ಅಪೀಲು ಹಾಕುವ ದಿನದವರೆಗೆ ಏನೇನಾಯಿತು ಎಂದು ತಾರೀಖು ಹಿಡಿದು ಬರೆಸಿ. 'ಡಿಸೆಂಬರ್‌ನಲ್ಲಿ ಕೆಲಸಕ್ಕೆ ಬೆಂಗಳೂರಿಗೆ ಹೋದೆ. ಜೂನ್ 8ಕ್ಕೆ ಊರಿಗೆ ಬಂದೆ. 10ಕ್ಕೆ ಹೊಲ ಅಳೆಯಲು ಬಂದವರಿಂದ ಡಿಕ್ರಿ ವಿಷಯ ಗೊತ್ತಾಯಿತು. 11ಕ್ಕೆ ವಕೀಲರನ್ನು ಕಂಡೆ. 12ಕ್ಕೆ ಕಾಪಿಗೆ ಅರ್ಜಿ ಹಾಕಿದೆ.' ಹೀಗಿರಲಿ. ಜೊತೆಗೆ ದಾಖಲೆ ಬೇಕು: ಕೂಲಿ ಹಣ ಜಮೆಯಾದ ಪಾಸ್‌ಬುಕ್, ಮೇಸ್ತ್ರಿಯ ಹಾಜರಿ ಪುಸ್ತಕ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಇದ್ದದ್ದು ಕೊಡಿ.

ಸುಳ್ಳು ಮಾತ್ರ ಬೇಡ. ಕಾಮಾಲೆ ಬಂದು ಮಲಗಿದ್ದೆ ಎಂದು ಪ್ರಮಾಣ ಮಾಡಿ, ಅದೇ ವಾರ ಗವಿಮಠದ ಜಾತ್ರೆಯ ಫೋಟೊ ಸ್ಟೇಟಸ್‌ಗೆ ಹಾಕಿದ್ದರೆ ಎದುರು ವಕೀಲರಿಗೆ ಅಷ್ಟೇ ಸಾಕು. ವಕೀಲರ ಮೇಲೆ ತಪ್ಪು ಹೊರಿಸುವುದೂ ಹಳೆಯ ಚಾಳಿ. ನಿಜವಾಗಿಯೂ ಅವರು ತಿಳಿಸದಿದ್ದರೆ ಬರೆಯಿರಿ. ಆದರೆ 'ನೀವೇಕೆ ವಿಚಾರಿಸಲಿಲ್ಲ?' ಎಂಬ ಪ್ರಶ್ನೆ ಬಂದೇ ಬರುತ್ತದೆ.

ಎಷ್ಟು ತಡ ಎಂಬುದಕ್ಕಿಂತ ಕಾರಣ ನಂಬುವಂತಿದೆಯೇ ಎಂಬುದು ಮುಖ್ಯ. 1998ರಲ್ಲಿ ಎನ್. ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 883 ದಿನಗಳ ವಿಳಂಬವನ್ನೂ ಒಪ್ಪಿತು. 2013ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಬಸವರಾಜ್ ಭೂಸ್ವಾಧೀನ ಪ್ರಕರಣದಲ್ಲಿ ಐದೂವರೆ ವರ್ಷದ ವಿಳಂಬಕ್ಕೆ ಒಪ್ಪಲಿಲ್ಲ.

ಒಟ್ಟಿಗೇ ಸಲ್ಲಿಸಿ

ಅಪೀಲು ಮೆಮೊ, ತೀರ್ಪು ಮತ್ತು ಡಿಕ್ರಿಯ ಕಾಪಿ, ವಿಳಂಬ ಮನ್ನಾ ಅರ್ಜಿ, ಅಫಿಡವಿಟ್ ಎಲ್ಲ ಒಟ್ಟಿಗೆ ಹೋಗಬೇಕು. ಎದುರು ಪಾರ್ಟಿಗೆ ನೋಟಿಸ್ ಹೋಗುತ್ತದೆ, ಅವರು ತಕರಾರು ಹಾಕುತ್ತಾರೆ. ಮೊದಲು ವಿಳಂಬದ ತೀರ್ಮಾನ, ಆಮೇಲೆ ಅಪೀಲು. ಅಪೀಲು ಕೇಳಲು ಕೋರ್ಟ್ ಒಪ್ಪುವವರೆಗೆ ಡಿಕ್ರಿಗೆ ಸ್ಟೇ ಸಿಗುವುದಿಲ್ಲ ಎಂಬುದನ್ನು ಜನ ಮರೆಯುತ್ತಾರೆ. ಅಷ್ಟರಲ್ಲಿ ಎದುರಿನವರು ಎಕ್ಸಿಕ್ಯೂಷನ್ (ಡಿಕ್ರಿ ಜಾರಿಯ ಅರ್ಜಿ) ಹಾಕಿ ಹೊಲದ ಕಬ್ಜಾ ಕೇಳಬಹುದು. ಮೊದಲೇ ತಡವಾಗಿದೆ, ಇನ್ನೊಂದು ವಾರ ಹೋದರೇನು ಎನ್ನಬೇಡಿ.

ಸಮನ್ಸೇ ಮುಟ್ಟದೆ ಎಕ್ಸ್ ಪಾರ್ಟಿ ಡಿಕ್ರಿ (ನಿಮ್ಮ ಗೈರಿನಲ್ಲೇ ಕೊಟ್ಟ ಡಿಕ್ರಿ) ಆಗಿದ್ದರೆ ದಾರಿ ಬೇರೆಯೂ ಇದೆ. ವಿಷಯ ಗೊತ್ತಾದ 30 ದಿನದೊಳಗೆ ಅದೇ ಕೋರ್ಟಿನಲ್ಲಿ ಡಿಕ್ರಿ ರದ್ದು ಮಾಡಿ ಎಂದು ಕೇಳಬಹುದು.

ವಿಳಂಬ ಮನ್ನಾ ಆಗದಿದ್ದರೆ ಅಪೀಲೂ ವಜಾ ಆಗುತ್ತದೆ. ಮುಂದೆ ಹೈಕೋರ್ಟ್: ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಕೇಳುವ ಹಕ್ಕಿದೆ. ಸಹಾಯವಾಣಿ 15100.