ಡೈಯಿಂಗ್ ಘಟಕದಲ್ಲಿ ಉಪ್ಪು, ನೀರು, ಕಲ್ಲಿದ್ದಲು: ನನ್ನ ಅನುಭವ

ಬಟ್ಟೆಗೆ ಬಣ್ಣ ಹಾಕುವ ಘಟಕದಲ್ಲಿ ನಾನು ಪರಿಸರ ವಿಭಾಗ ನೋಡಿಕೊಳ್ಳುತ್ತೇನೆ. ಉತ್ಪಾದನೆ ಜಾಸ್ತಿ ಆಗಬೇಕು, ಖರ್ಚು ಕಮ್ಮಿ ಇರಬೇಕು, ಕೊಳಕು ನೀರು ಹೊರಗೆ ಹೋಗಬಾರದು. ಮೂರೂ ಬಂದು ಬೀಳುವುದು ನನ್ನ ಟೇಬಲ್ಲಿಗೇ. ಕೈಗಾರಿಕೆಗೂ ಪರಿಸರಕ್ಕೂ ಜಗಳ ಅಂತ ಎಲ್ಲರೂ ಹೇಳ್ತಾರೆ, ಅಲ್ವಾ? ನಾನು ಕಂಡಿದ್ದು ಬೇರೆ. ಎಷ್ಟೋ ಸಲ ಪರಿಸರದ ಒಂದು ಗುರಿಗೆ ಇನ್ನೊಂದು ಗುರಿಯೇ ಅಡ್ಡ ನಿಲ್ಲುತ್ತದೆ.

ಉಪ್ಪನ್ನೇ ನೋಡಿ. ಹತ್ತಿ ಬಟ್ಟೆಗೆ ರಿಯಾಕ್ಟಿವ್ ಬಣ್ಣ ಹಿಡಿಯಬೇಕಾದರೆ ಉಪ್ಪು ಬೇಕೇ ಬೇಕು. ಗಾಢ ಬಣ್ಣಕ್ಕೆ ಲೀಟರ್ ನೀರಿಗೆ 50ರಿಂದ 80 ಗ್ರಾಂ. ಅದು ಬಟ್ಟೆಯಲ್ಲಿ ಉಳಿಯುವುದಿಲ್ಲ, ತೊಳೆದ ನೀರಿನ ಜೊತೆ ಹೊರಗೆ ಬರುತ್ತದೆ. ಕೊಳಕು ನೀರು ಶುದ್ಧ ಮಾಡುವ ಘಟಕದ (ಇಟಿಪಿ) ಬ್ಯಾಕ್ಟೀರಿಯಾ ಅದನ್ನು ಮುಟ್ಟುವುದಿಲ್ಲ, ಸುಣ್ಣ, ಆಲಂ ಹಾಕಿದರೂ ತಳಕ್ಕೆ ಇಳಿಯುವುದಿಲ್ಲ. ಆರ್‌ಓ ಇಟ್ಟರೆ ಒಳ್ಳೆಯ ನೀರು ವಾಪಸ್ ಸಿಗುತ್ತದೆ, ಉಪ್ಪೆಲ್ಲ ಸೇರಿದ ಉಳಿಕೆ ನೀರು, ಅಂದರೆ ರಿಜೆಕ್ಟ್, ಉಳಿಯುತ್ತದೆ. ಹನಿ ನೀರೂ ಹೊರಗೆ ಬಿಡಬಾರದು ಎಂದರೆ ಆ ರಿಜೆಕ್ಟನ್ನು ಆವಿ ಮಾಡಬೇಕು.

ಖರ್ಚು ಬರುವುದೇ ಇಲ್ಲಿ. ಒಂದು ಕಿಲೋ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 315 ಕಿಲೋಜೂಲ್ ಸಾಕು. ಅಲ್ಲಿಂದ ಆವಿ ಮಾಡಲು 2,257 ಬೇಕು. ಏಳು ಪಟ್ಟು! ಹಲವು ಹಂತದಲ್ಲಿ ನೀರು ಆವಿ ಮಾಡುವ ಮಲ್ಟಿ ಎಫೆಕ್ಟ್ ಇವಾಪೊರೇಟರ್‌ನಲ್ಲಿ ಒಂದು ಹಂತದ ಆವಿಯ ಶಾಖ ಮುಂದಿನ ಹಂತಕ್ಕೆ ಸಿಗುವುದರಿಂದ ಉಗಿ ಉಳಿಯುತ್ತದೆ, ನಿಜ. ಆದರೂ ಬಾಯ್ಲರಿಗೆ ಕಲ್ಲಿದ್ದಲು ಸುರಿಯಲೇಬೇಕು. ನದಿಗೆ ಒಳ್ಳೆಯದಾಯಿತು, ಗಾಳಿಗೆ ಹೊಗೆ ಜಾಸ್ತಿಯಾಯಿತು.

ಉತ್ಪಾದನೆ ಹೆಚ್ಚಿಸುವ ಮಾತು ಬಂದಾಗ ದೊಡ್ಡ ಇವಾಪೊರೇಟರ್ ತರೋಣ ಎಂದರು. ಮೊದಲು ಬಣ್ಣ ಹಾಕುವ ಮಷೀನು ಬದಲಿಸೋಣ ಎಂದೆ ನಾನು. ಹಳೆಯ ಮಷೀನಿಗೆ ಕಿಲೋ ಬಟ್ಟೆಗೆ 10 ಲೀಟರ್ ನೀರು ಬೇಕಿತ್ತು. ಲೀಟರಿಗೆ 60 ಗ್ರಾಂ ಎಂದರೆ 600 ಗ್ರಾಂ ಉಪ್ಪು. 6 ಲೀಟರಲ್ಲೇ ಕೆಲಸ ಮುಗಿಸುವ ಮಷೀನಿನಲ್ಲಿ ಅದೇ ಬಣ್ಣಕ್ಕೆ 360 ಗ್ರಾಂ. ಉಪ್ಪನ್ನು ಅಳೆಯುವುದು ನೀರಿನ ಲೆಕ್ಕದಲ್ಲಿ, ಹಾಗಾಗಿ ನೀರು ಇಳಿದರೆ ಅದೂ ತಾನಾಗಿ ಇಳಿಯುತ್ತದೆ. ಕಾಯಿಸುವ ನೀರೂ ಕಮ್ಮಿ.

ಇದರ ಜೊತೆಗೆ ಬಿಸಿ ಡ್ರೈನ್ ನೀರಿಗೆ ಒಂದು ಹೀಟ್ ಎಕ್ಸ್‌ಚೇಂಜರ್ ಕೂರಿಸಿದೆವು. ಆ ನೀರು ಹಾಗೇ ಇಟಿಪಿಗೆ ಹೋದರೆ ಬ್ಯಾಕ್ಟೀರಿಯಾ ಸಾಯುತ್ತವೆ, ತಣಿಸಲೇಬೇಕು. ಸುಮ್ನೆ ಕೂಲಿಂಗ್ ಟವರಲ್ಲಿ ಶಾಖ ಕಳೆಯುವ ಬದಲು ಒಳಗೆ ಬರುವ ತಣ್ಣೀರಿಗೆ ಕೊಟ್ಟರಾಯಿತು. ಡ್ರೈನ್ ನೀರು ಸೋಸುವ ಜಾಲರಿಗೆ ನೂಲಿನ ಎಳೆ ಕಟ್ಟಿಕೊಳ್ಳುತ್ತದೆ, ಅದನ್ನು ಪಾಳಿಗೊಮ್ಮೆ ತೆಗೆಯುವ ಆಳು ಬೇಕು. ಈ ಕೆಲಸ ಯಾರಿಗೂ ಇಷ್ಟವಿಲ್ಲ.

ನೀರು ಕಮ್ಮಿಯಾದ ಮೇಲೆ ಒಂದು ತಮಾಷೆ ನಡೆಯಿತು. ಇಟಿಪಿಗೆ ಬರುವ ನೀರಿನ ಸಿಓಡಿ, ಅಂದರೆ ನೀರಿನ ಕೊಳಕಿನ ಅಳತೆ, ಏರಿತು! ಉದಾಹರಣೆಗೆ, ದಿನಕ್ಕೆ 100 ಕಿಲೋಲೀಟರ್, ಲೀಟರಿಗೆ 1,500 ಮಿಲಿಗ್ರಾಂ ಎಂದರೆ ಒಟ್ಟು 150 ಕಿಲೋ. ನೀರು 60 ಕಿಲೋಲೀಟರಿಗೆ ಇಳಿದು ಸಿಓಡಿ 2,000 ಆದರೆ ಒಟ್ಟು 120 ಕಿಲೋ. ಕೊಳಕು ಕಮ್ಮಿಯಾಗಿದೆ, ಆದರೆ ವರದಿಯ ಅಂಕಿ ಕೆಟ್ಟದಾಗಿ ಕಾಣುತ್ತದೆ. ತಪಾಸಣೆಗೆ ಬಂದವರಿಗೆ ಇದನ್ನು ಒಪ್ಪಿಸಲು ಬಟ್ಟೆಯ ತೂಕ, ನೀರಿನ ಮೀಟರ್, ಲ್ಯಾಬ್ ಅಂಕಿ ಮೂರನ್ನೂ ಒಂದೇ ಹಾಳೆಯಲ್ಲಿ ಇಡಬೇಕಾಯಿತು.

ಮಾಲಿನ್ಯ ಮಾಡಿದವನೇ ಖರ್ಚು ಹೊರಬೇಕು ಎಂಬ ಮಾತು ಹಳೆಯದು. 1992ರ ರಿಯೋ ಘೋಷಣೆಯ 16ನೇ ತತ್ವವೂ ಅದೇ. ಆ ಖರ್ಚನ್ನು ಯಾವುದರ ಮೇಲೆ ಹಾಕುತ್ತೀರಿ ಎನ್ನುವುದು ಮುಖ್ಯ. ಬರೀ ಮಿಲಿಗ್ರಾಂ ನೋಡಿದರೆ ನೀರು ಬೆರೆಸಿದವನು ಗೆಲ್ಲುತ್ತಾನೆ. ಕಿಲೋ ಬಟ್ಟೆಗೆ ಎಷ್ಟು ಕೊಳಕು ಎಂದು ಕೇಳಿದರೆ ಕಮ್ಮಿ ಬಳಸಿದವನು ಗೆಲ್ಲುತ್ತಾನೆ.

ನೀತಿ ಮಾಡುವವರ ಮೇಲೆ ನನಗೆ ಇನ್ನೊಂದು ತಕರಾರಿದೆ. ನಾವು ವಿಚಾರಿಸಿದಾಗ ಸಬ್ಸಿಡಿ ಇದ್ದಿದ್ದು ಇಟಿಪಿಗೆ, ನೀರು ಉಳಿಸುವ ಮಷೀನಿಗೆ ಇರಲಿಲ್ಲ. ಕೊನೆಗೆ ಉಪ್ಪು, ಉಗಿ, ನೀರು, ಸ್ಲಡ್ಜ್ (ಇಟಿಪಿಯಲ್ಲಿ ಉಳಿಯುವ ಕೆಸರು) ವಿಲೇವಾರಿ, ಈ ನಾಲ್ಕರ ಬಿಲ್ಲನ್ನೂ ಕೂಡಿಸಿ ಅಕೌಂಟ್ಸ್ ವಿಭಾಗದ ಮುಂದೆ ಇಟ್ಟೆ. ಹೊಸ ಮಷೀನನ್ನು ಸಾಲ ಮಾಡಿಯೇ ತಂದೆವು. ಇವಾಪೊರೇಟರ್ ಹಳೆಯದೇ ಓಡುತ್ತಿದೆ.