ಬಿಲ್ಲೆ ಸೋಪೋ, ಪಂಪ್ ಸೋಪೋ? ನಮ್ಮ ಮನೆಯಲ್ಲಿ ಎರಡೂ ಯಾಕಿವೆ

ಕೈ ತೊಳೆಯುವ ಸೋಪು ಕೊಳ್ಳುವಾಗ ನಾನು ನೋಡುವುದು ಎರಡು ವಿಷಯ. ಇದು ಯಾವ ನಲ್ಲಿಯ ಪಕ್ಕ ಇರುತ್ತದೆ? ಅಲ್ಲಿ ಜಾಸ್ತಿ ಕೈ ತೊಳೆಯುವವರು ಯಾರು? ಮನೆಗೆಲ್ಲ ಒಂದೇ ಸೋಪು ತಂದರೆ ಸುಲಭ, ನಿಜ. ಆದರೆ ನಮ್ಮ ಅತ್ತೆಗೆ ಬೆರಳಿನ ಗಂಟು ನೋವು. ಮಗನಿಗೆ ಪಂಪ್ ಒತ್ತುವುದೇ ಒಂದು ಆಟ. ನನ್ನ ಕೈ ಬೇಗ ಒಣಗಿ ಬಿರಿಯುತ್ತದೆ. ಮೂವರಿಗೂ ಹೊಂದುವ ಒಂದು ಸೋಪು ಸಿಗಲಿಲ್ಲ. ಹಾಗಾಗಿ ಒಂದೊಂದು ನಲ್ಲಿಗೆ ಒಂದೊಂದು ಸೋಪು ಅಂತ ಮಾಡಿಕೊಂಡೆವು.

ಮೊದಲು ಬಿಲ್ಲೆಯ ವಿಷಯ. ಒಬ್ಬರು ಮುಟ್ಟಿದ ಸೋಪನ್ನು ಇನ್ನೊಬ್ಬರು ಮುಟ್ಟಿದರೆ ರೋಗಾಣು ಅಂಟುತ್ತದೆ ಅಂತ ತುಂಬ ಜನ ಹೆದರುತ್ತಾರೆ. ಇದನ್ನು ಸಂಶೋಧಕರು ಪರೀಕ್ಷಿಸಿಯೇ ನೋಡಿದ್ದಾರೆ. 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೋಪಿನ ಬಿಲ್ಲೆಗಳಿಗೆ ಬೇಕೆಂದೇ ಬ್ಯಾಕ್ಟೀರಿಯಾ ಸವರಿ, 16 ಜನರಿಂದ ಅದರಲ್ಲೇ ಕೈ ತೊಳೆಸಿದರು. ತೊಳೆದ ಮೇಲೆ ಯಾರ ಕೈಯಲ್ಲೂ ಆ ಬ್ಯಾಕ್ಟೀರಿಯಾ ಪತ್ತೆಯಾಗಲಿಲ್ಲ. ಬಿಲ್ಲೆಯ ಮೇಲೆ ಏನೇ ಕೂತಿದ್ದರೂ ಚೆನ್ನಾಗಿ ಉಜ್ಜಿ ನೀರು ಬಿಟ್ಟಾಗ ನೊರೆಯ ಜೊತೆ ಹರಿದು ಹೋಗುತ್ತದೆ. ಮನೆಯವರಷ್ಟೇ ಬಳಸುವ ಬೇಸಿನ್ ಹತ್ತಿರ ನಾನು ಧೈರ್ಯವಾಗಿ ಬಿಲ್ಲೆ ಇಟ್ಟಿದ್ದೇನೆ.

ಹಾಗಂತ ನೀರಲ್ಲಿ ನೆನೆದು ಲೋಳೆಯಾದ ಬಿಲ್ಲೆ ನನಗೆ ಆಗುವುದಿಲ್ಲ. ಒಂದು ಸಲ ಬಳಸಿ ಮತ್ತೆ ಕೈಗೆತ್ತಿಕೊಳ್ಳುವ ಹೊತ್ತಿಗೆ ಬಿಲ್ಲೆ ಒಣಗಿರಬೇಕು. ತಳದಲ್ಲಿ ತೂತು ಇರುವ, ಸ್ವಲ್ಪ ಎತ್ತರದ ಸ್ಟ್ಯಾಂಡ್ ಇದ್ದರೆ ಸಾಕು. ನಲ್ಲಿಯ ನೀರು ನೇರವಾಗಿ ಸಿಡಿಯದ ಕಡೆ ಅದನ್ನು ಇಡಬೇಕು. ಹೊಸ ಬಿಲ್ಲೆಯ ಹೊದಿಕೆ ಬಿಚ್ಚಿ ಕೆಲವು ವಾರ ಗಾಳಿಯಾಡುವ ಕಪಾಟಿನಲ್ಲಿ ಇಟ್ಟಿರುತ್ತೇನೆ. ಒಳಗಿನ ತೇವ ಆರಿ ಗಟ್ಟಿಯಾಗುತ್ತದೆ, ಬೇಗ ಸವೆಯುವುದಿಲ್ಲ. ದೊಡ್ಡ ಬಿಲ್ಲೆಯನ್ನು ಚಾಕುವಿನಿಂದ ಎರಡು ತುಂಡು ಮಾಡಿದರೆ ಮಕ್ಕಳ ಕೈಗೆ ಸರಿಯಾಗಿ ಸಿಗುತ್ತದೆ. ಕೊನೆಗೆ ಉಳಿಯುವ ತೆಳು ಚೂರನ್ನು ಒದ್ದೆ ಮಾಡಿ ಹೊಸ ಬಿಲ್ಲೆಗೆ ಒತ್ತಿಬಿಡುತ್ತೇನೆ.

ಅಡುಗೆಮನೆಯಲ್ಲಿ ಮಾತ್ರ ಪಂಪ್ ಬಾಟಲಿಯೇ. ಹಸಿ ಮಾಂಸ ಮುಟ್ಟಿದ ಕೈಯಲ್ಲಿ, ಎಣ್ಣೆ ಮೆತ್ತಿದ ಕೈಯಲ್ಲಿ ಬಿಲ್ಲೆ ಹಿಡಿಯಲು ಮನಸ್ಸು ಬರುವುದಿಲ್ಲ, ಅಲ್ವಾ? ಪಂಪ್ ಆದರೆ ಮಣಿಕಟ್ಟಿನಿಂದಲೇ ಒತ್ತಬಹುದು. ಅತ್ತೆಯವರಿಗೂ ಇದೇ ಅನುಕೂಲ. ಜಾರುವ ಬಿಲ್ಲೆಯನ್ನು ಬೆರಳು ಮಡಚಿ ಹಿಡಿಯುವುದು ಅವರಿಗೆ ನೋವು. ಪಂಪನ್ನಾದರೆ ಅಂಗೈಯ ಬುಡದಿಂದ ಒತ್ತಿದರೆ ಆಯಿತು. ತೊಂದರೆ ಅಂದರೆ ಬೇಕಾದ್ದಕ್ಕಿಂತ ಜಾಸ್ತಿ ಸೋಪು ಬಂದುಬಿಡುತ್ತದೆ. ಪಂಪಿನ ಕತ್ತಿಗೆ ರಬ್ಬರ್ ಬ್ಯಾಂಡ್ ನಾಲ್ಕು ಸುತ್ತು ಸುತ್ತಿದೆ. ಈಗ ಅದು ಪೂರ್ತಿ ಕೆಳಗೆ ಹೋಗುವುದಿಲ್ಲ, ಮಗ ಎಷ್ಟು ಜೋರಾಗಿ ಒತ್ತಿದರೂ ಸ್ವಲ್ಪವೇ ಬರುತ್ತದೆ.

ಪಂಪ್ ಬಾಟಲಿ ತುಂಬಿಸುವ ಬಗ್ಗೆ ನಾನು ತುಂಬಾ ಕಟ್ಟುನಿಟ್ಟು. ಅರ್ಧ ಖಾಲಿಯಾದ ಬಾಟಲಿಗೆ ಮೇಲಿಂದ ಮೇಲೆ ಸುರಿಯುತ್ತಾ ಹೋಗಬಾರದು. ದ್ರವ ಸೋಪಿನಲ್ಲಿ ನೀರೇ ಜಾಸ್ತಿ. ಅದು ಕೆಡದಿರಲಿ ಅಂತ ಸಂರಕ್ಷಕ ಹಾಕಿರುತ್ತಾರೆ. ಹಳೆಯದರ ಮೇಲೆ ಹೊಸದು ಬೀಳುತ್ತಲೇ ಇದ್ದರೆ ಬಾಟಲಿಯ ತಳದಲ್ಲಿ ಬ್ಯಾಕ್ಟೀರಿಯಾ ಬೇರೂರಲು ಜಾಗ ಸಿಗುತ್ತದೆ. ಅಮೆರಿಕದ ಒಂದು ಪ್ರಾಥಮಿಕ ಶಾಲೆಯಲ್ಲಿ ಹೀಗೆ ಸುರಿದು ತುಂಬಿಸುವ ಡಿಸ್ಪೆನ್ಸರುಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಕೆಟ್ಟ ಸೋಪಿನಲ್ಲಿ ಕೈ ತೊಳೆದ ಮಕ್ಕಳು ಮತ್ತು ಸಿಬ್ಬಂದಿಯ ಕೈಯಲ್ಲಿ ಗ್ರಾಂ-ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾ ತೊಳೆಯುವ ಮೊದಲಿಗಿಂತ 26 ಪಟ್ಟು ಹೆಚ್ಚಿತ್ತು. ಬಿಲ್ಲೆಗೆ ಹೆದರಿ ಬಾಟಲಿಗೆ ಬಂದವರು ಇದನ್ನು ತಿಳಿದಿರಬೇಕು. ನಾನು ಬಾಟಲಿಯನ್ನು ಪೂರ್ತಿ ಖಾಲಿ ಮಾಡುತ್ತೇನೆ. ಬಿಸಿನೀರಲ್ಲಿ ತೊಳೆದು, ಪಂಪಿನ ಕೊಳವೆಯೊಳಗೂ ನೀರು ಎಳೆಸಿ, ಬೋರಲು ಹಾಕಿ ಒಣಗಿಸುತ್ತೇನೆ. ಆಮೇಲೇ ರೀಫಿಲ್ ಪ್ಯಾಕೆಟ್ ಕತ್ತರಿಸುವುದು. ಬಾಟಲಿಗಳು ಎರಡಿದ್ದರೆ ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ. ಮುಗಿಯುತ್ತಾ ಬಂದಾಗ ನೀರು ಬೆರೆಸಿ ಹಿಗ್ಗಿಸುವುದೂ ಬೇಡ. ನೀರು ಸೇರಿದಷ್ಟೂ ಆ ಸಂರಕ್ಷಕದ ಬಲ ಕಡಿಮೆಯಾಗುತ್ತದೆ. ನೊರೆಯಾಗಿಯೇ ಬರುವ ಪಂಪ್ ಬೇಕಿದ್ದರೆ ಅದಕ್ಕಂತಲೇ ಮಾಡಿದ ತೆಳು ಸೋಪನ್ನೇ ಕೊಳ್ಳಿ.

ಇನ್ನು ಚರ್ಮ. ನನಗೆ ಬಹಳ ತಲೆಕೆಡಿಸಿದ್ದು ಇದೇ. ನಿಜವಾದ ಸೋಪು ಅಂದರೆ ಎಣ್ಣೆ ಅಥವಾ ಕೊಬ್ಬಿಗೆ ಕ್ಷಾರ ಸೇರಿಸಿ ಮಾಡಿದ್ದು. ಗಟ್ಟಿ ಬಿಲ್ಲೆಗೆ ಸೋಡಿಯಂ ಹೈಡ್ರಾಕ್ಸೈಡ್, ದ್ರವಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಹೇಗೆ ಮಾಡಿದರೂ ಅದರ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 9ರಿಂದ 10ರ ಆಸುಪಾಸು. ಚರ್ಮದ್ದು ಸುಮಾರು 5. ದಿನಕ್ಕೆ ಅಷ್ಟೊಂದು ಸಲ ಕೈ ತೊಳೆಯುವವರಿಗೆ ಈ ಅಂತರ ಬಿಗಿತವಾಗಿ, ಉರಿಯಾಗಿ ಗೊತ್ತಾಗುತ್ತದೆ. ಹ್ಯಾಂಡ್‌ವಾಶ್ ಅಂತ ಮಾರುವ ಬಾಟಲಿಗಳಲ್ಲಿ ಹೆಚ್ಚಿನವು ಈ ಅರ್ಥದಲ್ಲಿ ಸೋಪೇ ಅಲ್ಲ, ಡಿಟರ್ಜೆಂಟ್‌ನಿಂದ ಮಾಡಿದ್ದು. ಅವುಗಳ ಪಿಎಚ್ ಅನ್ನು ಚರ್ಮಕ್ಕೆ ಹತ್ತಿರ ತರಬಹುದು. ಆದರೆ ಸೋಡಿಯಂ ಲಾರಿಲ್ ಸಲ್ಫೇಟ್‌ನಂಥ ಕಟುವಾದ ಡಿಟರ್ಜೆಂಟ್ ಇದ್ದರೆ ಅದೂ ಚರ್ಮ ಒಣಗಿಸುತ್ತದೆ. ಹಾಗಾಗಿ ದ್ರವ ಮೃದು, ಬಿಲ್ಲೆ ಒರಟು ಅನ್ನುವ ಮಾತನ್ನು ನಾನು ನಂಬುವುದಿಲ್ಲ.

ಬಿಲ್ಲೆಯ ಆಕಾರದಲ್ಲೇ ಸಿಂಡೆಟ್ ಅಂತ ಬರುತ್ತದೆ. ನೋಡಲು ಸೋಪಿನ ಹಾಗೇ ಇರುತ್ತದೆ, ಒಳಗಿರುವುದು ಮೃದುವಾದ ಡಿಟರ್ಜೆಂಟ್. ಲೇಬಲ್‌ನಲ್ಲಿ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಮೊದಲ ಹೆಸರುಗಳಲ್ಲಿದ್ದರೆ ಅದು ಈ ಜಾತಿಯದ್ದು. ನನ್ನ ಕೈಗೆ ಒಗ್ಗಿದ್ದು ಇದೇ. ಗಡಸು ನೀರಿಗೂ ಇದು ಒಳ್ಳೆಯದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ನಿಜವಾದ ಸೋಪಿನ ಜೊತೆ ಸೇರಿ ಬಿಳಿ ಗಸಿ ಕಟ್ಟುತ್ತದೆ, ನೊರೆ ಏಳುವುದಿಲ್ಲ. ಸಿಂಡೆಟ್ ಆಗಲಿ, ಹ್ಯಾಂಡ್‌ವಾಶ್ ಆಗಲಿ ಹಾಗೆ ಕಟ್ಟುವುದಿಲ್ಲ.

ಲೇಬಲ್‌ನಲ್ಲಿ ಇನ್ನೆರಡು ಹೆಸರು ಹುಡುಕುತ್ತೇನೆ. ಒಂದು, ಪರಿಮಳ. ಸೋಪಿನ ಅಲರ್ಜಿಗೆ ಇದು ಮುಖ್ಯ ಕಾರಣಗಳಲ್ಲಿ ಒಂದು. ಗಿಡಮೂಲಿಕೆಯ ಸುಗಂಧ ತೈಲವಾದರೂ ಅಲರ್ಜಿ ತರಬಹುದು. ಇನ್ನೊಂದು, ಮೀಥೈಲ್‌ಐಸೊಥಯಜೊಲಿನೋನ್ ಎಂಬ ಸಂರಕ್ಷಕ. ವಸ್ತುಗಳು ತಾಗಿ ಬರುವ ಚರ್ಮರೋಗಗಳ ಅಮೆರಿಕದ ತಜ್ಞರ ಸಂಘ ಇದನ್ನು 2013ರ 'ವರ್ಷದ ಅಲರ್ಜಿಕಾರಕ' ಅಂತಲೇ ಹೆಸರಿಸಿತ್ತು. ಇದು ಕಾಣುವುದು ಹೆಚ್ಚಾಗಿ ದ್ರವ ಸೋಪುಗಳಲ್ಲಿ. ಕೈ ಬಿರಿಯುವ ಮನೆಗಳಲ್ಲಿ ಈ ಎರಡೂ ಇಲ್ಲದ್ದನ್ನು ತನ್ನಿ.

'ಆಂಟಿಬ್ಯಾಕ್ಟೀರಿಯಲ್' ಅಂತ ಬರೆದಿದ್ದಕ್ಕೆ ನಾನು ಜಾಸ್ತಿ ದುಡ್ಡು ಕೊಡುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಸೇರಿ ಇಂಥ 19 ರಾಸಾಯನಿಕಗಳನ್ನು ಮನೆಬಳಕೆಯ ಸೋಪುಗಳಿಂದ ತೆಗೆಸಿತು. ಮಾಮೂಲಿ ಸೋಪು ನೀರಿಗಿಂತ ಇವು ಮೇಲು ಅಂತ ತಯಾರಕರು ತೋರಿಸಲಿಲ್ಲ.

ಎಂಥ ಸೋಪು ತಂದರೂ ಉಜ್ಜಲು 20 ಸೆಕೆಂಡ್ ಬೇಕು. ಹೆಬ್ಬೆರಳು, ಉಗುರಿನ ಸಂದು, ಉಂಗುರದ ಕೆಳಗೆ ಸುಮಾರಾಗಿ ಎಲ್ಲರೂ ಬಿಟ್ಟುಬಿಡುತ್ತಾರೆ. ತಣ್ಣೀರಾದರೂ ನಡೆಯುತ್ತದೆ. ತುಂಬ ಬಿಸಿನೀರು ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಬೆರಳ ಸಂದಿನಲ್ಲಿ ಸೋಪು ಉಳಿದರೆ ಅಲ್ಲೇ ಮೊದಲು ತುರಿಕೆ ಶುರುವಾಗುತ್ತದೆ. ಅದಕ್ಕೇ ಪೂರ್ತಿ ತೊಳೆದು, ಬಟ್ಟೆಯನ್ನು ಉಜ್ಜದೆ ಒತ್ತಿ ಒರೆಸಿಕೊಳ್ಳುತ್ತೇನೆ. ಪಸೆ ಆರುವ ಮೊದಲೇ ಪರಿಮಳವಿಲ್ಲದ ಕ್ರೀಮ್ ಸ್ವಲ್ಪ ಹಚ್ಚುತ್ತೇನೆ. ಸೋಪು ಬದಲಿಸಿದ್ದಕ್ಕಿಂತ ಈ ಅಭ್ಯಾಸವೇ ನನ್ನ ಕೈಗೆ ಜಾಸ್ತಿ ಆರಾಮ ಕೊಟ್ಟಿತು.

ಇಷ್ಟೆಲ್ಲ ಮಾಡಿದರೂ ಬಿರುಕು, ತುರಿಕೆ ಹೋಗದಿದ್ದರೆ ಸುಮ್ನೆ ಸೋಪಿನ ಮೇಲೆ ಸೋಪು ಬದಲಿಸುತ್ತಾ ಕೂರಬೇಡಿ. ಚರ್ಮದ ವೈದ್ಯರಿಗೆ ತೋರಿಸಿ. ಅವರು ಪ್ಯಾಚ್ ಟೆಸ್ಟ್ ಮಾಡಿ, ಅಂದರೆ ಅನುಮಾನದ ವಸ್ತುಗಳನ್ನು ಚೂರು ಚೂರು ಚರ್ಮಕ್ಕೆ ಅಂಟಿಸಿ ನೋಡಿ, ಯಾವುದು ಆಗುವುದಿಲ್ಲ ಅಂತ ಹುಡುಕಬಲ್ಲರು. ಹೋಗುವಾಗ ಮನೆಯ ಎಲ್ಲ ಸೋಪುಗಳ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ.